ಹೊಲಿಗೆ ಇಲ್ಲದ ಅಂಗಿ

ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ಮೈಸೂರಿನ ಮನೆಯಲ್ಲಿ ಅಮ್ಮ ಈಳಿಗೆಮಣೆ ಮುಂದೆ ಕೂತು ಕಾಯಿ ತುರಿಯುತ್ತಿದ್ದಳು. ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹೊಸ ಆಲ್ಬಮ್ ಒಂದನ್ನು ಕೇಳುತ್ತಿದ್ದೆ. ದಿ ಇಮ್ಯಾಜಿನ್ಡ್ ವಿಲೇಜ್ ಅನ್ನೋ ಇಂಗ್ಲಿಷ್ ಜಾನಪದ ತಂಡದ್ದು, 2010ರಲ್ಲಿ ಬಂದದ್ದು. ಹೆಸರು ಎಂಪೈರ್ ಅಂಡ್ ಲವ್. ಅದರಲ್ಲಿ ಸ್ಕಾರ್ಬರೋ ಫೇರ್ ಹಾಡು ಶುರುವಾಯಿತು. ಇಂಗ್ಲಿಷ್ ಜಾನಪದದ ಹಿರಿಯ ಗಾಯಕ ಮಾರ್ಟಿನ್ ಕಾರ್ಥಿಯ ಒಣ ದನಿ. ಅಲಂಕಾರ ಅನ್ನೋದೇ ಇಲ್ಲ, ಯಾರಿಗೋ ದಾರಿ ಹೇಳುತ್ತಿರುವ ಹಾಗೆ ಹಾಡುತ್ತಾನೆ. ಅಮ್ಮ ತುರಿಯೋದು ನಿಲ್ಲಿಸಿದಳು.

"ಇದು ಕಾಫಿ ಅಲ್ಲೇನೋ?"

ಅಮ್ಮ ಧಾರವಾಡದವಳು. ಮದುವೆಯಾಗಿ ಮೈಸೂರಿಗೆ ಬಂದು ನಲವತ್ತು ವರ್ಷ ದಾಟಿದ್ದರೂ ಕಿವಿ ಮಾತ್ರ ಅಲ್ಲೇ ಉಳಿದಿದೆ. ಸಂಗೀತ ಕಲಿತವಳಲ್ಲ. ಆದರೆ ಆ ಊರಲ್ಲಿ ಹುಟ್ಟಿದವರಿಗೆ ರಾಗದ ಗುರುತು ಹತ್ತಲಿಕ್ಕೆ ಕಲಿಯಬೇಕಾಗಿಯೂ ಇಲ್ಲ. ನಾನು ಮನಸ್ಸಲ್ಲೇ ಸ್ವರ ಹಾಕಿ ನೋಡಿದೆ. ಕೋಮಲ ಗಾಂಧಾರ, ಶುದ್ಧ ಧೈವತ, ಕೋಮಲ ನಿಷಾದ. ಹೌದು, ಕಾಫಿ ಥಾಟ್. ನಮ್ಮ ಕಡೆಯ ಲೆಕ್ಕದಲ್ಲಿ ಖರಹರಪ್ರಿಯ. ಇಂಗ್ಲಿಷರು ಇದನ್ನು ಡೋರಿಯನ್ ಅನ್ನುತ್ತಾರೆ. "ಸ್ವರ ಎಲ್ಲಾ ಅವ," ಅಂದಳು ಅಮ್ಮ. "ಆದ್ರ ಒಗ್ಗರಣಿ ಹಾಕಲಾರದ ಸಾರು ಇದ್ದಂಗ ಅದ." ಅಷ್ಟರಲ್ಲಿ ಸಿತಾರ್ ಬಂತು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸಣ್ಣ ಒಂದು ಮೀಂಡ್ ಎಳೆಯಿತು. ಅಮ್ಮ ನಕ್ಕಳು. "ಹಾಂ. ಈಗ ಒಗ್ಗರಣಿ ಬಿತ್ತು ನೋಡು."

ನಾನೂ ನಕ್ಕೆ. ಆದರೆ ಆ ಮಾತು ತಲೆಯಿಂದ ಹೋಗಲೇ ಇಲ್ಲ. ಸಾರು ಅವರದು, ಒಗ್ಗರಣೆ ನಮ್ಮದು. ಇಂಗ್ಲಿಷ್ ಹಾಡಿನ ಜೊತೆ ಸಿತಾರ್ ಬಂದಾಗೆಲ್ಲ ಆಗೋದು ಇಷ್ಟೇನಾ? ಆ ತಂಡವನ್ನು ಅಷ್ಟೊಂದು ಇಷ್ಟಪಟ್ಟು ಕೇಳುತ್ತಿದ್ದ ನನಗೆ ಇದು ಸ್ವಲ್ಪ ಚುಚ್ಚಿತು.

ಒಗ್ಗರಣೆಯ ಸಿತಾರ್

ಅಮ್ಮನ ಮಾತಿಗೆ ಸಾಕ್ಷಿ ಬೇಕಾದಷ್ಟಿದೆ. ಬ್ರಿಟನ್ನಿನ ಜಾನಪದ ಗಾಯಕರಿಗೆ ಭಾರತದ ಹುಚ್ಚು ಹಿಡಿದದ್ದು 1960ರ ದಶಕದಲ್ಲಿ. ಡೇವಿ ಗ್ರಹಾಂ ಅನ್ನೋ ಗಿಟಾರ್ ವಾದಕ ತಂತಿಗಳನ್ನು ಬೇರೆ ಥರ ಶ್ರುತಿ ಮಾಡಿಕೊಂಡು, ಷಡ್ಜ ಪಂಚಮ ಸದಾ ಮೊಳಗುವ ಹಾಗೆ ಇಟ್ಟುಕೊಂಡು, ಶಿ ಮೂವ್ಡ್ ಥ್ರೂ ದ ಫೇರ್ ಅನ್ನೋ ಐರಿಷ್ ಹಾಡನ್ನು ಆಲಾಪದ ಹಾಗೆ ನುಡಿಸಿದ. ಅದು ನಿಜಕ್ಕೂ ಒಳ್ಳೆಯ ಕೆಲಸ. ತಂಬೂರಿ ಇಲ್ಲದೆ ತಂಬೂರಿಯ ನೆನಪು ತರೋದು ಸುಮ್ನೆ ಅಲ್ಲ. 1969ರಲ್ಲಿ ಪೆಂಟ್ಯಾಂಗಲ್ ತಂಡದ ಬಾಸ್ಕೆಟ್ ಆಫ್ ಲೈಟ್ ಬಂತು. ಜಾನ್ ರೆನ್‌ಬೋರ್ನ್ ಅದರಲ್ಲಿ ಸಿತಾರ್ ಹಿಡಿದು ಕೂತಿದ್ದಾನೆ. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಕೇಳುತ್ತಾ ಹೋದರೆ ತಿಳಿಯುತ್ತದೆ, ಅವನು ಸಿತಾರನ್ನೂ ಗಿಟಾರಿನ ಹಾಗೇ ನುಡಿಸುತ್ತಿದ್ದಾನೆ. ಸ್ವರದ ಮೇಲೆ ಬೆರಳು ಬೀಳುತ್ತದೆ, ಸ್ವರದ ಒಳಗೆ ಇಳಿಯೋದಿಲ್ಲ. ಅದು ಬಣ್ಣಕ್ಕೆ ಹಾಕಿದ ಅರಿಶಿನ.

ಇದನ್ನು ತಪ್ಪು ಅನ್ನುತ್ತಿಲ್ಲ. ನಾವೂ ಕಡಿಮೆ ಏನಿಲ್ಲ. ನಮ್ಮ ಮದುವೆ ರಿಸೆಪ್ಷನ್‌ಗಳಲ್ಲಿ ಕೀಬೋರ್ಡಿನವರು ಪಿಟೀಲಿನ ಕೀರ್ತನೆಯ ಕೆಳಗೆ ರೆಡಿಮೇಡ್ ತಾಳ ಓಡಿಸುತ್ತಾರಲ್ಲ, ಅದಕ್ಕೂ ಫ್ಯೂಷನ್ ಅಂತಲೇ ಹೆಸರು. ಕೋಸಂಬರಿ ತಟ್ಟೆಗೆ ಟೊಮೆಟೊ ಸಾಸ್ ಸುರಿದ ಹಾಗಿರುತ್ತದೆ. ಅದನ್ನು ಕೇಳಿಸಿಕೊಂಡು ಬೆಳೆದವರಿಗೆ ಫ್ಯೂಷನ್ ಅಂದ ಕೂಡಲೇ ಎದ್ದು ಊಟದ ಹಾಲ್ ಕಡೆ ಹೋಗುವ ಅಭ್ಯಾಸ ಆಗಿರುತ್ತದೆ.

ಒಬ್ಬರು ಮಾತ್ರ ಈ ಲೆಕ್ಕಕ್ಕೆ ಸಿಗೋದಿಲ್ಲ. ಶೀಲಾ ಚಂದ್ರ. ಲಂಡನ್ನಿನಲ್ಲಿ ಹುಟ್ಟಿದವರು, ಮೂಲ ದಕ್ಷಿಣ ಭಾರತ. 1982ರಲ್ಲಿ ಮಾನ್ಸೂನ್ ತಂಡದಲ್ಲಿ ಅವರು ಹಾಡಿದ ಎವರ್ ಸೋ ಲೋನ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 12ನೇ ಸ್ಥಾನಕ್ಕೆ ಏರಿತ್ತು. ಹತ್ತು ವರ್ಷದ ನಂತರ ಅವರು ವಾದ್ಯಗಳನ್ನೆಲ್ಲ ಬದಿಗಿಟ್ಟರು. 1992ರ ವೀವಿಂಗ್ ಮೈ ಆನ್ಸೆಸ್ಟರ್ಸ್ ವಾಯ್ಸಸ್‌ನಲ್ಲಿ ಇರೋದು ಒಂದು ಗಂಟಲು, ಅದರ ಹಿಂದೆ ಒಂದು ಶ್ರುತಿ, ಹೆಚ್ಚುಕಡಿಮೆ ಅಷ್ಟೇ. ಒಂದು ಕಡೆ ಕೊನ್ನಕೋಲಿನ, ಅಂದರೆ ಬಾಯಲ್ಲಿ ಹೇಳುವ ತಾಳದ ಸೊಲ್ಲಿನ, ತದ್ದಿಮಿತಕ ಹೇಳುತ್ತಾರೆ. ಇನ್ನೊಂದು ಕಡೆ ಆಲಾಪದಿಂದ ಹೊರಟು ಡೋನಲ್ ಓಗ್ ಅನ್ನೋ ಐರಿಷ್ ಹುಡುಗಿಯ ಗೋಳಿನ ಹಾಡಿಗೆ ಬಂದು ಸೇರುತ್ತಾರೆ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಅಂತ ಬೆರಳಿಟ್ಟು ತೋರಿಸಲಿಕ್ಕೆ ನಾನು ಎಷ್ಟೋ ಸಲ ಪ್ರಯತ್ನ ಪಟ್ಟಿದ್ದೇನೆ. ಒಂದೇ ಗಂಟಲು ಎರಡನ್ನೂ ನುಂಗಿದ ಮೇಲೆ ಯಾವುದು ಸಾರು, ಯಾವುದು ಒಗ್ಗರಣೆ? 2010ರ ಹೊತ್ತಿಗೆ ಬಾಯಿ ಉರಿಯುವ ಒಂದು ವಿಚಿತ್ರ ಕಾಯಿಲೆ ಬಂದು ಅವರು ಹಾಡೋದೇ ನಿಂತುಹೋಯಿತು. ಮಾತಾಡಿದರೂ ನೋವು. ಅದನ್ನು ಓದಿದ ದಿನ ಆ ಹಳೆಯ ಸಿ.ಡಿ.ಯನ್ನು ಕೇಳಲಿಕ್ಕೆ ಮನಸ್ಸಾಗಲಿಲ್ಲ.

ಇಲ್ಲದ ಊರು

ಇಮ್ಯಾಜಿನ್ಡ್ ವಿಲೇಜ್ ಅನ್ನೋ ಹೆಸರು ಒಂದು ಪುಸ್ತಕದಿಂದ ಬಂದದ್ದು. ಜಾರ್ಜಿನಾ ಬಾಯ್ಸ್ 1993ರಲ್ಲಿ ಅದೇ ಹೆಸರಿನ ಪುಸ್ತಕ ಬರೆದರು. ಅವರ ತಕರಾರು ಹೀಗೆ: ಇಂಗ್ಲಿಷ್ ಜಾನಪದ ಅಂತ ನಾವು ಕರೆಯೋದರಲ್ಲಿ ಅರ್ಧ, ಅದನ್ನು ಹುಡುಕಿಕೊಂಡು ಹೋದ ಪಟ್ಟಣದವರ ಕನಸು. ಹಳ್ಳಿ ಹಾಡು ಸಂಗ್ರಹಿಸಿದ ಸೆಸಿಲ್ ಶಾರ್ಪ್ ಕತೆ ಗೊತ್ತಿರಬಹುದು. 1903ರಲ್ಲಿ ಸಾಮರ್ಸೆಟ್‌ನ ಹ್ಯಾಂಬ್ರಿಜ್ ಅನ್ನೋ ಊರಿನ ಪಾದ್ರಿಯ ಮನೆಯಲ್ಲಿ ಕೂತಿದ್ದಾಗ ತೋಟದ ಮಾಲಿ ಹಾಡಿದ್ದು ಕಿವಿಗೆ ಬಿತ್ತು. ಮಾಲಿಯ ಹೆಸರು ಜಾನ್ ಇಂಗ್ಲೆಂಡ್! ಕತೆಗಾರರು ಇಟ್ಟಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು. ಅಲ್ಲಿಂದ ಶಾರ್ಪ್ ಸಾವಿರಾರು ಹಾಡು ಬರೆದುಕೊಂಡ. ದೊಡ್ಡ ಉಪಕಾರ, ಅನುಮಾನವಿಲ್ಲ. ಆದರೆ ಅವನ ಮನಸ್ಸಿನಲ್ಲಿ ಒಂದು ಊರಿತ್ತು. ಪೇಟೆ ಮುಟ್ಟದ, ಓದು ಬರಹ ಮುಟ್ಟದ, ಹೊರಗಿನವರು ಕಾಲಿಡದ ಊರು. ಅಂಥ ಊರು ಇಂಗ್ಲೆಂಡಿನಲ್ಲಿ ಇತ್ತೋ ಇಲ್ಲವೋ, ಆ ಕನಸಂತೂ ಗಟ್ಟಿಯಾಗಿ ಉಳಿಯಿತು.

ನಮ್ಮಲ್ಲೂ ಅದೇ ಕಾಲದ ಆಸುಪಾಸಿನಲ್ಲಿ ಒಂದು ವಿಚಿತ್ರ ನಡೆದಿದೆ. ಜೆ. ಎಫ್. ಫ್ಲೀಟ್ ಅಂದರೆ ಶಾಸನಗಳ ಫ್ಲೀಟ್. ಮುಂಬಯಿ ಸರಕಾರದ ಅಧಿಕಾರಿ. ಅವರು 1880ರ ದಶಕದಲ್ಲಿ ಬೆಳಗಾವಿ, ಧಾರವಾಡದ ಕಡೆಯ ಲಾವಣಿಗಳನ್ನು ಬರೆಸಿಕೊಂಡು ಅಚ್ಚು ಹಾಕಿಸಿದರು. ಅದರಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿಯೂ ಇದೆ. 1831ರಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ ಸರಕಾರದ ನೌಕರನೇ ಆ ಹಾಡನ್ನು ಉಳಿಸಿಕೊಟ್ಟ. ಹಾಡಿದ ಲಾವಣಿಕಾರನಿಗೆ ಆ ಸಾಹೇಬನ ಮುಂದೆ ಯಾವ ಸಾಲು ಜೋರಾಗಿ ಹೇಳಬೇಕು, ಯಾವುದನ್ನು ನುಂಗಬೇಕು ಅಂತ ಅನಿಸಿರಲಿಕ್ಕಿಲ್ಲವೇ? ನನಗೆ ಈ ಪ್ರಶ್ನೆ ಬಹಳ ಇಷ್ಟ. ಇರಲಿ.

ಈ ಇಲ್ಲದ ಊರನ್ನು ಹೆಸರಾಗಿಟ್ಟುಕೊಂಡು ಸೈಮನ್ ಎಮರ್ಸನ್ ತಂಡ ಕಟ್ಟಿದ. ಅವನು ಅದಕ್ಕೆ ಮೊದಲು ಆಫ್ರೋ ಸೆಲ್ಟ್ ಸೌಂಡ್ ಸಿಸ್ಟಮ್ ನಡೆಸಿದವನು. ಸೆನೆಗಲ್‌ನ ಬಾಬಾ ಮಾಲ್‌ಗೆ ಆಲ್ಬಮ್ ಮಾಡಿಕೊಟ್ಟವನು. ಊರೂರಿನ ಜಾನಪದ ಮುಟ್ಟಿ ಬಂದವನು ತನ್ನ ಊರಿನದಕ್ಕೆ ಕೈ ಹಾಕಿದ್ದು ಕೊನೆಗೆ. ಕೈ ಹಾಕಿದಾಗ ಅವನು ಕೇಳಿಕೊಂಡ ಪ್ರಶ್ನೆ ಸರಳ. ಇವತ್ತು ಇಂಗ್ಲೆಂಡಿನ ಊರಲ್ಲಿ ಯಾರಿದ್ದಾರೆ? ಅವರನ್ನೆಲ್ಲ ಕರೆದರೆ ಹಾಡು ಹೇಗಿರುತ್ತದೆ? ಹಾಗೆ ಬಂದವರು: ಮಾರ್ಟಿನ್ ಕಾರ್ಥಿ, ಅವರ ಮಗಳು ಎಲೈಜಾ, ಕ್ರಿಸ್ ವುಡ್, ಧೋಲ್ ಫೌಂಡೇಶನ್‌ನ ಜಾನಿ ಕಲ್ಸಿ, ಸಿತಾರಿಗೆ ಶೀಮಾ ಮುಖರ್ಜಿ, ಕೆರಿಬಿಯನ್ ಮೂಲದ ಕವಿ ಬೆಂಜಮಿನ್ ಜೆಫನಾಯ, ಜೊತೆಗೆ ನಮ್ಮ ಶೀಲಾ ಚಂದ್ರ. ಮೊದಲ ಆಲ್ಬಮ್ 2007ರಲ್ಲಿ ಬಂತು.

ಅದು ಶುರುವಾಗುವುದು ಹಾಡಿನಿಂದಲ್ಲ, ಮಾತಿನಿಂದ. ಸಸೆಕ್ಸ್‌ನ ರಾಟಿಂಗ್ಡೀನ್ ಅನ್ನೋ ಊರಿನ ಕಾಪರ್ ಮನೆತನದ ಜಾನ್ ಕಾಪರ್ ಮಾತಾಡುತ್ತಾರೆ. ತಲೆಮಾರುಗಳಿಂದ ಮನೆಯಲ್ಲೇ ಹಾಡು ಉಳಿಸಿಕೊಂಡು ಬಂದ ಕುಟುಂಬ ಅದು. ತನ್ನ ಅಜ್ಜ ತಾನು ಬಲ್ಲ ಗುಡ್ಡದ ಮೇಲೆ ನಿಂತು, ಹೊಲವೆಲ್ಲ ಕಟ್ಟಡವಾದದ್ದನ್ನು ನೋಡಿ, ಮನೆ, ಮನೆ, ಬರೀ ಮನೆ ಅಂತ ಮರುಗಿದ್ದನ್ನು ಹೇಳುತ್ತಾರೆ. ಮೊದಲ ಸಲ ಕೇಳಿದಾಗ ನನಗೆ ಮೈಸೂರಿನ ಅಂಚಿನ ಹಿನಕಲ್ ಕಡೆ ಹೋಗುವ ರಸ್ತೆ ನೆನಪಾಯಿತು. ನಮ್ಮ ಅಪ್ಪನೂ ಬಸ್ಸಿನ ಕಿಟಕಿಯಿಂದ ನೋಡುತ್ತಾ "ಇಲ್ಲೆಲ್ಲ ಹೊಲ ಇತ್ತು ಕಣೋ" ಅನ್ನುತ್ತಿದ್ದರು. ಆ ಮೂವತ್ತು ಚದರದ ಮನೆಗಳ ಪೈಕಿ ಒಂದು ನಮ್ಮದೇ ಅನ್ನೋದನ್ನು ಮಾತ್ರ ಅವರು ಹೇಳುತ್ತಿರಲಿಲ್ಲ.

ಜೆಫನಾಯ ಅವರ ಟ್ಯಾಮ್ ಲಿನ್ ಬೇರೆಯೇ ಒಂದು ಸಾಹಸ. ಹಳೆಯ ಸ್ಕಾಟಿಷ್ ಕತೆಯಲ್ಲಿ ಯಕ್ಷಿಣಿಯರ ಸೆರೆಯಲ್ಲಿದ್ದ ಹುಡುಗನನ್ನು ಹುಡುಗಿ ತಬ್ಬಿ ಹಿಡಿಯುತ್ತಾಳೆ. ಅವನು ಹಾವಾಗುತ್ತಾನೆ, ಮೃಗವಾಗುತ್ತಾನೆ, ಸುಡುವ ಕಬ್ಬಿಣವಾಗುತ್ತಾನೆ. ಅವಳು ಬಿಡೋದಿಲ್ಲ. ಜೆಫನಾಯ ಈ ಹುಡುಗನನ್ನು ಆಶ್ರಯ ಬೇಡಿ ಬಂದ ವಲಸಿಗ ಮಾಡಿದ್ದಾರೆ. ನ್ಯಾಯಾಧೀಶರ ಮುಂದೆ ನಿಲ್ಲಿಸಿದ್ದಾರೆ. ಕಾಗದಪತ್ರ ಇಲ್ಲದವನು ನೋಡುವವರ ಕಣ್ಣಿಗೆ ಗಳಿಗೆಗೊಂದು ಮೃಗವಾಗಿ ಕಾಣುತ್ತಾನೆ. ಹಳೆಯ ಕತೆಗೆ ಏನೂ ಅಂಟಿಸಿದ ಹಾಗೆ ಅನಿಸೋದಿಲ್ಲ. ಅದು ಮೊದಲಿಂದ ಇದನ್ನೇ ಹೇಳುತ್ತಿತ್ತೇನೋ ಅನಿಸುತ್ತದೆ.

ಬಾಗಿಲು ತೆಗೆ ಅಂದ ಸಿಪಾಯಿ

ನನ್ನನ್ನು ಹೆಚ್ಚು ಕಾಡಿದ್ದು ಅದೇ ಆಲ್ಬಮ್‌ನ ಕೋಲ್ಡ್ ಹೇಲಿ ರೇನಿ ನೈಟ್. 2008ರಲ್ಲಿ ಬಿಬಿಸಿ ರೇಡಿಯೊ 2ರ ಜಾನಪದ ಪ್ರಶಸ್ತಿಗಳಲ್ಲಿ ಆ ವರ್ಷದ ಅತ್ಯುತ್ತಮ ಸಾಂಪ್ರದಾಯಿಕ ಹಾಡು ಅಂತ ಗೆದ್ದದ್ದು ಇದೇ. ಆಲಿಕಲ್ಲು ಮಳೆಯ ರಾತ್ರಿ. ಒಬ್ಬ ಸಿಪಾಯಿ ಹುಡುಗಿಯ ಮನೆ ಹತ್ತಿರ ನಿಂತು ಬೇಡುತ್ತಾನೆ. ಟೋಪಿ ತಲೆಗೆ ಹೆಪ್ಪುಗಟ್ಟಿದೆ, ಕಾಲು ಸೀಸದ ಗುಂಡಾಗಿದೆ, ನನ್ನ ಒಳಗೆ ಬಿಡು. ಒಳಗೆ ಬಿಡು ಅನ್ನೋ ಈ ಸಾಲು ಮತ್ತೆ ಮತ್ತೆ ಪಲ್ಲವಿಯ ಹಾಗೆ ಬರುತ್ತದೆ. ಎಳೆಯ ಕಾಪರ್‌ಗಳ ದನಿ, ಕ್ರಿಸ್ ವುಡ್, ಎಲೈಜಾ. ಕೆಳಗೆ ಧೋಲ್ ನಡೆಯುತ್ತದೆ. ನಡೆಯುತ್ತದೆ ಅಂತಲೇ ಹೇಳಬೇಕು, ಭಾಂಗ್ಡಾದ ಕುಣಿತ ಅಲ್ಲ ಅದು. ಕೆಸರಲ್ಲಿ ಬೂಟು ಎತ್ತಿಡುವ ನಡೆ. ಸಿತಾರ್ ಎಲ್ಲೂ ತಾನು ಬಂದೆ ಅಂತ ಕೂಗೋದಿಲ್ಲ. ಹಾಡುಗಾರ ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ಬಂದು ಹೋಗುತ್ತದೆ.

ಧೋಲ್, ಸಿತಾರ್ ಹಿಂದೆ ಇಟ್ಟುಕೊಂಡು ಇಂಗ್ಲಿಷ್ ಮನೆಯ ಬಾಗಿಲಲ್ಲಿ ಒಳಗೆ ಬಿಡು ಅಂದರೆ ಏನರ್ಥ ಬರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲೆಂಡಿನ ಸೌಥಾಲ್‌ಗೋ ಲೆಸ್ಟರ್‌ಗೋ ಚಳಿಗಾಲದಲ್ಲಿ ನಮ್ಮ ಕಡೆಯಿಂದ ಬಂದಿಳಿದ ಮೊದಲ ತಲೆಮಾರಿನವರ ಹಾಡಾಗಿಬಿಡುತ್ತದೆ. ನಾನೂ ಹಾಗೇ ಕೇಳಿಸಿಕೊಂಡು ಕಣ್ಣು ಒದ್ದೆ ಮಾಡಿಕೊಂಡಿದ್ದೆ. ಆ ದಿನಗಳಲ್ಲಿ ಅದು ಬರೀ ನನ್ನ ಕಲ್ಪನೆಯೂ ಆಗಿರಲಿಲ್ಲ. ಅಲ್ಲಿನ ಬಲಪಂಥೀಯ ಪಕ್ಷವೊಂದು ಜಾನಪದ ಹಾಡುಗಳನ್ನು ತನ್ನ ಬಾವುಟ ಮಾಡಿಕೊಳ್ಳಲು ಹೊರಟಿತ್ತು. ಅದರ ವಿರುದ್ಧ 2009ರ ಹೊತ್ತಿಗೆ ಗಾಯಕರೆಲ್ಲ ಫೋಕ್ ಅಗೇನ್ಸ್ಟ್ ಫ್ಯಾಸಿಸಂ ಅಂತ ಒಂದಾದರು.

ಆದರೆ ಹಾಡು ಅಲ್ಲಿಗೆ ಮುಗಿಯೋದಿಲ್ಲ. ಪೂರ್ತಿ ಕೇಳಿದ್ದು ನಾನು ಆಮೇಲೆ. ಹುಡುಗಿ ಬಾಗಿಲು ತೆಗೆಯುತ್ತಾಳೆ. ಸಿಪಾಯಿ ಒಳಗೆ ಬರುತ್ತಾನೆ. ತನಗೆ ಬೇಕಾದ್ದನ್ನು ಪಡೆಯುತ್ತಾನೆ. ಅವಳು ಮದುವೆ ಅಂದರೆ ಟೋಪಿ ಹಾಕಿಕೊಂಡು ಎದ್ದು ಹೋಗುತ್ತಾನೆ. ಅಯ್ಯೋ, ಇದು ಬೇರೆ ಕತೆ ಆಯಿತಲ್ಲ! ಮಳೆಯಲ್ಲಿ ನೆನೆದು ಬಂದೆ, ಸ್ವಲ್ಪ ಜಾಗ ಕೊಡಿ ಅಂತ ಬಂದ ಸಿಪಾಯಿ. ಒಳಗೆ ಬಿಟ್ಟದ್ದು ನಾವು. ಅವನು ಬಂದು, ಉಳಿದು, ಬೇಕಾದ್ದು ಕಟ್ಟಿಕೊಂಡು, ಟೋಪಿ ಹಾಕಿಕೊಂಡು ಹೊರಟದ್ದು ನಮಗೆ ಗೊತ್ತಿರುವ ಕತೆ. ಸಿತಾರ್ ಈಗ ಬಾಗಿಲ ಹೊರಗಿಲ್ಲ. ಒಳಗೆ ಕೂತ ಹುಡುಗಿಯ ಕಡೆ ಇದೆ. ಒಂದೇ ಹಾಡಿನಲ್ಲಿ ವಾದ್ಯ ಎರಡೂ ಕಡೆ ನಿಲ್ಲುತ್ತದೆ. ತಂಡದವರು ಇದನ್ನು ಯೋಚಿಸಿ ಮಾಡಿದರೋ ಇಲ್ಲವೋ, ಕೇಳುವ ನನ್ನ ಕಿವಿ ಅಷ್ಟು ಹೊತ್ತಿಗೆ ನಮ್ಮ ಅಜ್ಜನ ಹತ್ತಿರ ಹೋಗಿತ್ತು.

ಅಜ್ಜ ಕೂತೇ ಕೇಳಿದ್ದು

ನಾನು ಪಿಟೀಲು ಕಲಿಯಲು ಶುರು ಮಾಡಿ ಎರಡನೇ ವರ್ಷ. ಸರಳೆ ವರಸೆ ಕುಯ್ದು ಕುಯ್ದು ಬೇಜಾರಾಗಿದ್ದ ಹುಡುಗರಿಗೆ ಮೇಷ್ಟ್ರು ಖುಷಿಗೆ ಅಂತ ನೊಟ್ಟುಸ್ವರ ಹೇಳಿಕೊಡುತ್ತಿದ್ದರು. ಶಂಕರಾಭರಣದಲ್ಲಿ ಇರುವ ಸಣ್ಣ ಸಣ್ಣ ರಚನೆಗಳು, ಗಮಕದ ಕಾಟ ಇಲ್ಲ. ನನಗೆ ಸಂತತಂ ಪಾಹಿ ಮಾಂ ಸಂಗೀತ ಶ್ಯಾಮಲೇ ಬಂತು. ಒಂದು ಬೇಸಿಗೆ ರಜೆಯಲ್ಲಿ ಧಾರವಾಡದಿಂದ ಅಜ್ಜ, ಅಂದರೆ ಅಮ್ಮನ ಅಪ್ಪ, ಬಂದಿದ್ದರು. ನಾನು ಹಾಲ್‌ನಲ್ಲಿ ಕೂತು ಅದನ್ನೇ ನುಡಿಸುತ್ತಿದ್ದೆ. ಅಜ್ಜ ಧೋತರದ ಚುಂಗು ಹಿಡಿದುಕೊಂಡು ಹಿತ್ತಲಿಂದ ಬಂದರು.

"ಈ ಹಾಡು ನಿನಗ ಯಾರು ಕಲಿಸಿದ್ರೋ?"

ಮೇಷ್ಟ್ರು ಅಂದೆ. ದೇವಿ ಮೇಲಿನ ಹಾಡು, ಮುತ್ತುಸ್ವಾಮಿ ದೀಕ್ಷಿತರದ್ದು ಅಂದೆ.

"ದೇವಿ ಹಾಡಲ್ಲೋ ತಮ್ಮಾ ಇದು. ಇಂಗ್ಲೆಂಡಿನ ರಾಜನ ಹಾಡು. ಇದಕ್ಕ ಎದ್ದು ನಿಂದರಲಿಲ್ಲಂತ ಸಾಲ್ಯಾಗ ಮಾಸ್ತರ್ ಛಡಿ ತಗೊಂಡು ಹೊಡದಿದ್ರು ನನಗ."

ನಾನು ನುಡಿಸೋದು ನಿಲ್ಲಿಸಿದೆ. ಅಜ್ಜ ಆರಾಮ ಕುರ್ಚಿಯಲ್ಲಿ ಕೂತರು. ಎರಡೂ ಕಾಲು ಮುಂದಕ್ಕೆ ಚಾಚಿದರು. "ಈಗ ಬಾರಸು. ನಾ ಕೂತೇ ಕೇಳತೀನಿ." ನಾನು ಮೂರು ಸಲ ನುಡಿಸಿದೆ. ಅಜ್ಜ ಮೂರೂ ಸಲ ಕೂತೇ ಕೇಳಿದರು. ಮೂರನೇ ಸಲ ಕಾಲಿನ ಹೆಬ್ಬೆರಳು ತಾಳ ಹಾಕುತ್ತಿತ್ತು.

ಇಬ್ಬರು ಹೇಳಿದ್ದೂ ಸರಿ ಅಂತ ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ಅದು ಗಾಡ್ ಸೇವ್ ದ ಕಿಂಗ್ ಧಾಟಿಯೇ. ದೀಕ್ಷಿತರ ಕುಟುಂಬ ಮದರಾಸಿನ ಹತ್ತಿರ ಮಣಲಿಯಲ್ಲಿ ಇದ್ದಾಗ ಕಂಪನಿಯ ಕೋಟೆಯಲ್ಲಿ ಬ್ಯಾಂಡು ಕೇಳುತ್ತಿದ್ದರು. ಅಣ್ಣ ಮುತ್ತುಸ್ವಾಮಿ ಆ ಧಾಟಿಗಳಿಗೆ ಸಂಸ್ಕೃತದ ಸಾಹಿತ್ಯ ಹಾಕಿದರು. ಅಂಥವು ಸುಮಾರು 40 ಇವೆ. ಅಂಥ ಧಾಟಿ ಒಂದರಲ್ಲಿ ಸುಬ್ರಹ್ಮಣ್ಯ ಇದ್ದಾನೆ. ತಮ್ಮ ಬಾಲುಸ್ವಾಮಿ ಅದೇ ಬ್ಯಾಂಡಿನವರ ಕೈಯಲ್ಲಿದ್ದ ಪಿಟೀಲನ್ನು ಕಲಿತು ನಮ್ಮ ಸಂಗೀತಕ್ಕೆ ತಂದರು. ನಾವು ಅದನ್ನು ಗದ್ದದಿಂದ ಇಳಿಸಿ, ಚಕ್ಕಳಮಕ್ಕಳ ಹಾಕಿ ಕೂರಿಸಿ, ತುದಿಯನ್ನು ಕಾಲಿನ ಗಿಣ್ಣಿಗೆ ಆನಿಸಿದೆವು. ಮೈಸೂರಿನ ಚೌಡಯ್ಯನವರು ಅದಕ್ಕೆ ಏಳು ತಂತಿ ಹಾಕಿದರು. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಭವನವೇ ಪಿಟೀಲಿನ ಆಕಾರದಲ್ಲಿದೆ. ಯಾರಾದರೂ ಪಿಟೀಲನ್ನು ನಮ್ಮ ಕಛೇರಿಯ ಯುರೋಪಿನ ಪ್ರಭಾವ ಅಂದರೆ ಅಂದವರ ಮುಖ ನೋಡುತ್ತೇವೆ. ಇನ್ನೂರು ವರ್ಷ ಜೊತೆಗೆ ಕೂತದ್ದಕ್ಕೆ ಪ್ರಭಾವ ಅನ್ನೋ ಮಾತು ಒಗ್ಗೋದಿಲ್ಲ. ದಸರೆಯ ಮೆರವಣಿಗೆಯಲ್ಲಿ ಪೊಲೀಸರ ಇಂಗ್ಲಿಷ್ ಬ್ಯಾಂಡು ಬೇರೆ, ಕರ್ನಾಟಕ ಬ್ಯಾಂಡು ಬೇರೆ. ಅದೇ ತುತ್ತೂರಿ, ಅದೇ ಹಿತ್ತಾಳೆ, ಎರಡು ಸಂಗೀತ. ಮೈಸೂರಿನ ಮಕ್ಕಳಿಗೆ ಅದರಲ್ಲಿ ವಿಶೇಷವೇನೂ ಕಾಣೋದಿಲ್ಲ.

ಇದನ್ನು ಶೀಮಾ ಮುಖರ್ಜಿಯವರ ಕಡೆ ತಿರುಗಿಸಿ ನೋಡಿದೆ. ಅವರು ಸಿತಾರ್ ವಾದಕ ನಿಖಿಲ್ ಬ್ಯಾನರ್ಜಿಯವರ ಹತ್ತಿರದ ಬಂಧು, ಅವರಲ್ಲೇ ಕಲಿತವರು. ಆದರೆ ಇರೋದು ಇಂಗ್ಲೆಂಡಿನಲ್ಲಿ. ಹೊರಗಿನಿಂದ ಬಂದ ವಾದ್ಯವನ್ನು ನಾವು ನಮ್ಮದು ಅನ್ನಬಹುದಾದರೆ ಅಲ್ಲಿ ಬದುಕುವ ಹೆಂಗಸಿನ ಕೈಯ ಸಿತಾರನ್ನು ಅಲ್ಲಿಯದು ಅನ್ನಲಿಕ್ಕೆ ಯಾಕೆ ಹಿಂಜರಿಯಬೇಕು? ಈ ಪ್ರಶ್ನೆ ಕೇಳಿಕೊಂಡ ಮೇಲೂ ಅಮ್ಮನ ಒಗ್ಗರಣೆ ಮಾತು ಪೂರ್ತಿ ಹೋಗಲಿಲ್ಲ. ಎಂಪೈರ್ ಅಂಡ್ ಲವ್‌ನ ಆ ಮೀಂಡ್ ನನಗೂ ಒಗ್ಗರಣೆಯ ಹಾಗೇ ಕೇಳಿಸುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಮತ್ತೆ ಅದೇ ಹಾಡು

ತಂಡ 2012ರಲ್ಲಿ ಮೂರನೇ ಆಲ್ಬಮ್ ತಂದಿತು. 2023ರ ಮಾರ್ಚ್‌ನಲ್ಲಿ ಎಮರ್ಸನ್ ತೀರಿಕೊಂಡ. ಅದೇ ವರ್ಷ ಡಿಸೆಂಬರ್‌ನಲ್ಲಿ ಜೆಫನಾಯ. ಊರು ಖಾಲಿಯಾಗುತ್ತಿದೆ ಅಂದುಕೊಂಡೆ. 2025ರ ಮೇ ತಿಂಗಳಲ್ಲಿ ಮಾರ್ಟಿನ್ ಕಾರ್ಥಿ ತಮ್ಮ 84ನೇ ಹುಟ್ಟುಹಬ್ಬಕ್ಕೆ ಹೊಸ ಆಲ್ಬಮ್ ಬಿಡುಗಡೆ ಮಾಡಿದರು. 1960ರ ದಶಕದಲ್ಲಿ ಲಂಡನ್ನಿಗೆ ಬಂದಿದ್ದ ಪಾಲ್ ಸೈಮನ್ ಕಲಿತುಕೊಂಡು ಹೋಗಿ ಜಗತ್ತಿಗೆಲ್ಲ ಹಾಡಿದ್ದು ಇವರ ಸ್ಕಾರ್ಬರೋ ಫೇರ್ ಅನ್ನು. ಈಗ ಮತ್ತೆ ಅದನ್ನೇ ಹಾಡಿದ್ದಾರೆ. ಜೊತೆಗೆ ಮತ್ತೆ ಅದೇ ಶೀಮಾ ಮುಖರ್ಜಿ, ಅದೇ ಸಿತಾರ್.

ಈ ಸಲ ಬೇಕಂತಲೇ ಅಮ್ಮನ ಮುಂದೆ ಹಾಕಿದೆ. ಅಮ್ಮನಿಗೂ ಈಗ ಎಂಬತ್ತರ ಹತ್ತಿರ. ಈಳಿಗೆಮಣೆ ಅಟ್ಟಕ್ಕೆ ಹೋಗಿದೆ, ಕಾಯಿ ತುರಿಯೋದು ನಾನು. ಹಾಡು ಶುರುವಾಯಿತು. ದನಿ ನಡುಗುತ್ತದೆ. ಸಾಲಿನ ಕೊನೆಗೆ ಉಸಿರು ಸಾಲೋದಿಲ್ಲ. ಅವಸರ ಇಲ್ಲ, ತಾಳ ಕಟ್ಟಿಹಾಕಿಲ್ಲ. ಅವರು ನಿಂತಲ್ಲಿ ಸಿತಾರ್ ನಿಲ್ಲುತ್ತದೆ. ಅವರು ಹೊರಟರೆ ಒಂದು ಹೆಜ್ಜೆ ಹಿಂದಿನಿಂದ ಹೊರಡುತ್ತದೆ.

ಅಮ್ಮ ಕಣ್ಣು ಮುಚ್ಚಿ ಕೇಳಿದಳು. "ವಯಸ್ಸಾಗೇದ ಪಾಪ," ಅಂದಳು. ಆಮೇಲೆ, "ಸಿತಾರದಾಕಿ ಛಲೋ ಸಾಥ್ ಮಾಡ್ಯಾಳ." ಒಗ್ಗರಣೆಯ ಮಾತನ್ನು ನೆನಪಿಸಿದೆ. ಅವಳಿಗೆ ನೆನಪಿರಲಿಲ್ಲ. "ನಾ ಹಂಗಂದಿದ್ನೇನು?" ಅಂದಳು.

ಹಾಡಿನ ಅರ್ಥ ಏನು ಅಂತ ಕೇಳಿದಳು. ಅಷ್ಟು ವರ್ಷ ಕೇಳಿರಲಿಲ್ಲ. ಹೇಳಿದೆ. ಒಬ್ಬ ತನ್ನ ಹಳೆಯ ಪ್ರೇಯಸಿಗೆ ಆಗದ ಕೆಲಸಗಳನ್ನು ಹೇಳಿ ಕಳಿಸುತ್ತಾನೆ. ಉಪ್ಪುನೀರಿಗೂ ದಡಕ್ಕೂ ನಡುವೆ ಒಂದು ಎಕರೆ ಹೊಲ ಹುಡುಕಬೇಕು. ಟಗರಿನ ಕೊಂಬಿನಿಂದ ಉಳಬೇಕು. ಮಧ್ಯೆ ಮಧ್ಯೆ ಸುಮ್ನೆ ನಾಲ್ಕು ಸೊಪ್ಪಿನ ಹೆಸರು ಬರುತ್ತದೆ, ನಮ್ಮ ಕೊತ್ತಂಬರಿ ಪುದೀನದ ಥರದ್ದು. ಮತ್ತೆ ಎಲ್ಲಕ್ಕಿಂತ ಮೊದಲು, ಅವಳು ಅವನಿಗೆ ಒಂದು ಅಂಗಿ ಮಾಡಿಕೊಡಬೇಕು. ಸೂಜಿ ಮುಟ್ಟಿರಬಾರದು, ಒಂದೂ ಹೊಲಿಗೆ ಇರಬಾರದು.

"ಅದೇನು ಆಗದ ಕೆಲಸೋ?" ಅಂದಳು ಅಮ್ಮ. "ಹೊಲಿಗಿ ಇಲ್ಲದ್ದಂದ್ರ ಧೋತರ ಅಲ್ಲೇನು? ನಿಮ್ಮಜ್ಜ ದಿನಾ ಉಡತಿದ್ದ."